ತಿದ್ದಿಸಬೇಕಾದ ಒಂದು ಸಾಲು

ಮಗಳೇ,

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದೆಯಲ್ಲ, "ಅಪ್ಪಾ, ನಾನೂ ತಮ್ಮನೂ ಅವಳಿ. ಒಂದೇ ಹೊಟ್ಟೇಲಿ ಬೆಳೆದ್ವಿ, ಒಂದೇ ಮನೇಲಿ ಉಂಡ್ವಿ. ಅವನಿಗೆ ಬರದೇ ಇದ್ದ ಈ ಕಾಯಿಲೆ ನನಗೇ ಯಾಕೆ ಬಂತು?" ಅಂತ. "ಮೊದಲು ಊಟ ಮಾಡಮ್ಮ" ಅಂತ ಹೇಳಿ ನಾನು ಜಾರಿಕೊಂಡೆ. ತುತ್ತು ನಿನ್ನ ಕೈಯಲ್ಲೇ ಒಣಗುತ್ತಿತ್ತು. ಕಡೆಗೂ ಬಾಯಿಗಿಟ್ಟೆ. ಅದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ನನಗೆ ಗೊತ್ತು. ಹೇಗೆ ಗೊತ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ.

ಡಾಕ್ಟರು ಇದು ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯಕ್ಕೆ ಊಟ ಬಿಟ್ಟು ಸೊರಗುವ ಕಾಯಿಲೆ, ಅಂದ ದಿನದಿಂದ ನಾನೂ ನಿನ್ನಮ್ಮನೂ ತಪ್ಪು ಎಲ್ಲಾಯಿತು ಅಂತ ಹುಡುಕುತ್ತಲೇ ಇದ್ದೆವು. ಒಮ್ಮೆ ಎಲ್ಲರೆದುರು "ಸ್ವಲ್ಪ ಗುಂಡಗಾಗಿದ್ದೀಯ" ಅಂದಿದ್ದೆ ನಾನು. ತಪ್ಪಾಯ್ತು ಪುಟ್ಟಿ. ಆ ಮಾತು ಆಡಬಾರದಿತ್ತು. ಆದರೆ ಅದೇ ಮಾತನ್ನು ಎಷ್ಟೋ ಮಕ್ಕಳು ಕೇಳಿರುತ್ತಾರೆ, ಎಲ್ಲರಿಗೂ ಈ ಕಾಯಿಲೆ ಬರೋದಿಲ್ಲ. ಯಾರ ಮೈಯಲ್ಲಿ ಮೊದಲೇ ಅದಕ್ಕೆ ಜಾಗ ಇರುತ್ತದೋ ಅಲ್ಲಿ ಬೇರು ಬಿಡುತ್ತದೆ. ಆ ಜಾಗ ಮಾಡಿಕೊಡುವುದರಲ್ಲಿ ಜೀನ್‌ಗಳ ಕೈ ದೊಡ್ಡದು. ಅನೊರೆಕ್ಸಿಯಾ ಬರುವ ಸಾಧ್ಯತೆ ಒಬ್ಬರಿಂದ ಒಬ್ಬರಿಗೆ ಬೇರೆ ಬೇರೆ ಅಲ್ವಾ, ಆ ವ್ಯತ್ಯಾಸದಲ್ಲಿ ಸುಮಾರು ಅರ್ಧ, ಕೆಲವು ಲೆಕ್ಕಗಳಲ್ಲಿ ಇನ್ನೂ ಜಾಸ್ತಿ, ಜೀನ್‌ಗಳಿಂದಲೇ ಬರುತ್ತದೆ ಅಂತ ಅವಳಿಗಳ ಅಧ್ಯಯನಗಳು ತೋರಿಸಿವೆ. 2019ರಲ್ಲಿ ಸುಮಾರು 17,000 ರೋಗಿಗಳ ಡಿಎನ್‌ಎ ನೋಡಿದ ಒಂದು ಅಧ್ಯಯನ ಇದಕ್ಕೆ ನಂಟಿರುವ 8 ಜಾಗಗಳನ್ನು ಗುರುತಿಸಿತು. ಅನೊರೆಕ್ಸಿಯಾದ ಜೀನ್‌ಗಳ ನಂಟು ಬೇರೆ ಮನಸ್ಸಿನ ಕಾಯಿಲೆಗಳ ಜೊತೆ ಮಾತ್ರ ಇರಲಿಲ್ಲ. ಮೈ ಸಕ್ಕರೆಯನ್ನೂ ಕೊಬ್ಬನ್ನೂ ಬಳಸುವ ರೀತಿಯ ಜೊತೆಗೂ, ಸುಮ್ನೆ ಕೂರಲಾಗದೆ ಓಡಾಡುವ ಸ್ವಭಾವದ ಜೊತೆಗೂ ಇತ್ತು. ರಾತ್ರಿ ನೀನು ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುವ ಸಪ್ಪಳ ಕೇಳಿ "ಹಟ ಮಾಡ್ತಾಳೆ" ಅಂತ ಬೈದಿದ್ದೆ. ಈಗ ಹಾಗೆ ಅನ್ನಿಸೋದಿಲ್ಲ.

ಇನ್ನು ನಿನ್ನ ತಮ್ಮನ ವಿಷಯ. ನೀವಿಬ್ಬರೂ ತದ್ರೂಪಿ ಅವಳಿಗಳಲ್ಲ. ಬೇರೆ ಅಣ್ಣತಂಗಿ, ಅಕ್ಕತಮ್ಮಂದಿರ ಹಾಗೇ ನಿಮ್ಮ ಜೀನ್‌ಗಳಲ್ಲೂ ಹೊಂದುವುದು ಅರ್ಧದಷ್ಟು. ಹಾಗಾದರೆ ಅವನಲ್ಲೂ ಒಂದಿಷ್ಟು ಇರಬಹುದಲ್ಲ? ಇರಬಹುದು. ಇಲ್ಲೇ ನನಗೆ ಬಹಳ ಅಚ್ಚರಿ ಆದ ವಿಷಯ ಇರೋದು. ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಕೆಲ್ಲಿ ಕ್ಲಂಪ್ ಮತ್ತು ಜೊತೆಗಾರರು ಅವಳಿ ಹುಡುಗಿಯರನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಮೈನೆರೆಯುವ ಮೊದಲು, ಊಟ ಮತ್ತು ತೂಕದ ಬಗೆಗಿನ ತೊಳಲಾಟದಲ್ಲಿ ಜೀನ್‌ಗಳ ಪಾಲು ಹೆಚ್ಚುಕಮ್ಮಿ ಸೊನ್ನೆ. ಮೈನೆರೆಯುವ ಹೊತ್ತಿಗೆ ಅದು ಅರ್ಧದಷ್ಟಾಗುತ್ತದೆ. ಹುಡುಗರಲ್ಲಿ ಈ ಜಿಗಿತ ಕಾಣಲಿಲ್ಲ, ಮುಂಚೆಯೂ ಆಮೇಲೂ ಜೀನ್‌ಗಳ ಪಾಲು ಹೆಚ್ಚು ಬದಲಾಗದೆ ಹತ್ತಿರ ಹತ್ತಿರ ಒಂದೇ ಆಗಿತ್ತು.

ಹುಡುಗಿಯರಲ್ಲಿ ಆಗ ಏರುವ ಈಸ್ಟ್ರೋಜನ್ ಹಾರ್ಮೋನ್ ಇದರ ಹಿಂದಿದೆ ಅನ್ನುವುದು ಅವರ ವಾದ. ಅದು ಜೀವಕೋಶದೊಳಗೆ ಹೋಗಿ ಕೆಲವು ಜೀನ್‌ಗಳ ಕೆಲಸವನ್ನು ಏರಿಸುತ್ತದೆ, ಇಳಿಸುತ್ತದೆ. ಅಲ್ಲಿಯವರೆಗೆ ಮಲಗಿದ್ದದ್ದು ಏಳುತ್ತದೆ. ಏಳನೇ ಕ್ಲಾಸಿನವರೆಗೆ ತಮ್ಮನ ತಟ್ಟೆಗೂ ಕೈ ಹಾಕಿ ತಿನ್ನುತ್ತಿದ್ದ ನೀನು, ದೊಡ್ಡವಳಾದ ಮರುವರ್ಷವೇ ಊಟ ಮುಟ್ಟುವ ಮೊದಲು ಲೆಕ್ಕ ಹಾಕತೊಡಗಿದೆ. ಆ ವರ್ಷವನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ.

ಗರ್ಭದಲ್ಲಿ ಗಂಡು ಅವಳಿಯ ಜೊತೆ ಬೆಳೆದ ಹುಡುಗಿಗೆ ಅವನ ಟೆಸ್ಟೋಸ್ಟೆರಾನ್ ಸೋಕಿ ಸ್ವಲ್ಪ ರಕ್ಷಣೆ ಸಿಗುತ್ತದೆ ಅಂತಲೂ ಒಂದು ವಾದ ಇದೆ. ಕೆಲವು ಅಧ್ಯಯನಗಳಲ್ಲಿ ಹಾಗೇ ಕಂಡಿತು, ಕೆಲವುಗಳಲ್ಲಿ ಕಾಣಲಿಲ್ಲ. ನಮ್ಮನೆಯಲ್ಲಂತೂ ಅದು ನೆರವಿಗೆ ಬರಲಿಲ್ಲ.

ಆದರೆ "ಇದು ಹುಡುಗಿಯರ ಕಾಯಿಲೆ" ಅನ್ನುವ ಮಾತನ್ನು ನಾನು ಒಪ್ಪೋದಿಲ್ಲ. 2007ರಲ್ಲಿ ಬಂದ ಅಮೆರಿಕದ ಒಂದು ಸಮೀಕ್ಷೆಯಲ್ಲಿ, ಸಾವಿರ ಹೆಂಗಸರಲ್ಲಿ 9 ಜನ ಬದುಕಿನ ಯಾವುದೋ ಹಂತದಲ್ಲಿ ಅನೊರೆಕ್ಸಿಯಾ ಅನುಭವಿಸಿದ್ದರು. ಸಾವಿರ ಗಂಡಸರಲ್ಲಿ 3 ಜನ. ಮೂರು ಅಂದ್ರೆ ಕಡಿಮೆಯೇನಲ್ಲ. 1689ರಲ್ಲೇ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ ಹೀಗೆ ಊಟ ಬಿಟ್ಟು ಸೊರಗಿದ ಇಬ್ಬರ ಬಗ್ಗೆ ಬರೆದಿದ್ದ. ಒಬ್ಬಳು ಹುಡುಗಿ. ಇನ್ನೊಬ್ಬ 16 ವರ್ಷದ ಹುಡುಗ. ಆಮೇಲೆ ಆ ಹುಡುಗನನ್ನು ಎಲ್ಲರೂ ಮರೆತರು. 2013ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಕಾಯಿಲೆಯ ಲಕ್ಷಣಗಳ ಸಾಲಿನಲ್ಲಿ ಮುಟ್ಟು ನಿಲ್ಲುವುದೂ ಸೇರಿತ್ತು. ಗಂಡು ಹುಡುಗ ಯಾರ ಕಣ್ಣಿಗೆ ಬೀಳಬೇಕು ಹೇಳು?

ನನಗೂ ಆಗ 16. ಬೆಳಿಗ್ಗೆ ಓಡುತ್ತಿದ್ದೆ, ಸಂಜೆ ಮತ್ತೆ ಓಡುತ್ತಿದ್ದೆ. ಊಟಕ್ಕೆ ಕರೆದರೆ ಗೆಳೆಯನ ಮನೆಯಲ್ಲಿ ಆಯ್ತು ಅಂತಿದ್ದೆ. ಪ್ಯಾಂಟು ಜಾರುತ್ತಿತ್ತು ಅಂತ ಬೆಲ್ಟಿಗೆ ಮೊಳೆ ಹೊಡೆದು ಮೂರು ತೂತು ಮಾಡಿಕೊಂಡಿದ್ದೆ. ಪ್ರತಿ ಹೊಸ ತೂತಿಗೂ ಒಳಗೊಳಗೇ ಖುಷಿ. ಅದು ಎಂಥ ಖುಷಿ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. "ಓಡ್ತಾನೆ, ಅದಕ್ಕೇ ಸಣ್ಣ" ಅಂದರು ಮನೆಯವರು. ಎರಡು ವರ್ಷ ಆದಮೇಲೆ ನಿಧಾನಕ್ಕೆ ಇಳಿಯಿತು. ಅದಕ್ಕೆ ಯಾರೂ ಹೆಸರಿಡಲಿಲ್ಲ. ನಾನೂ ಇಡಲಿಲ್ಲ.

ನಿನಗೆ ಬಂದದ್ದರಲ್ಲಿ ನನ್ನ ಪಾಲೂ ಇರಬಹುದು ಪುಟ್ಟಿ. ನೀನು ಬೇಕಂತ ತಂದುಕೊಂಡದ್ದಂತೂ ಖಂಡಿತ ಅಲ್ಲ. ನಿನ್ನ ತಮ್ಮನ ತಟ್ಟೆಯ ಮೇಲೂ ಈಗ ನಾವು ಒಂದು ಕಣ್ಣಿಟ್ಟಿದ್ದೇವೆ, ಅವನಿಗೆ ಗೊತ್ತಾಗದ ಹಾಗೆ.

ಮೊದಲ ಸಲ ಹೋದಾಗ ಡಾಕ್ಟರು ಕೇಳಿದ್ದರು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ ಅಂತ. "ಯಾರಿಗೂ ಇಲ್ಲ" ಅಂತ ಬರೆಸಿದ್ದೆ. ಶನಿವಾರ ನಿನ್ನ ಜೊತೆ ಒಳಗೆ ನಾನೂ ಬರ್ತೀನಿ. ಆ ಸಾಲನ್ನು ತಿದ್ದಿಸಬೇಕು.

ನಿನ್ನ ಅಪ್ಪ