ಮಗಳಿಗೊಂದು ಪತ್ರ: ಮೊದಲು ತೋಟಾದ ಕೇಸು, ಆಮೇಲೆ ಬ್ಯಾರಲ್

ನಾಪೋಕ್ಲು
ಸೆಪ್ಟೆಂಬರ್ 5

ಪ್ರೀತಿಯ ಪುಟ್ಟಿ,

ಕೋವಿ ಪೂಜೆಯ ಕೈಲ್‌ಪೊಳ್ದ್ ಹಬ್ಬ ಮುಗಿದು ಎರಡು ದಿನವಾಯಿತು. ದೇವರ ಕೋಣೆ ಕನ್ನಿಕೊಂಬರೆಯಿಂದ ಕೋವಿಗಳನ್ನು ಇವತ್ತು ಬೆಳಿಗ್ಗೆ ಅಲಮಾರಿಗೆ ಸೇರಿಸಿದೆ. ಅಪ್ಪನ ಕೋವಿಯ ಬಾಯಲ್ಲಿ ಸಿಕ್ಕಿಸಿದ್ದ ತೋಕ್‌ಪೂ ಹೂವು ಬಾಡಿತ್ತು. ಅದನ್ನು ತೆಗೆದು, ನಳಿಗೆಯೊಳಗೆ ಎರಡು ಸಲ ಎಣ್ಣೆಬಟ್ಟೆ ಎಳೆದೆ. ಈ ಮಳೆಯಲ್ಲಿ ಒಂದು ದಿನ ಬಿಟ್ಟರೂ ತುಕ್ಕು ಹಿಡಿಯುತ್ತದೆ. ಕೈ ಒರೆಸಿಕೊಂಡು ಬಂದು ಇದನ್ನು ಬರೆಯುತ್ತಿದ್ದೇನೆ.

ನೀನು ಅಮೆರಿಕದ ಬೋಜ್‌ಮನ್‌ನಲ್ಲಿ ಕಟ್ಟಿಸಬೇಕೆಂದಿರುವ ರೈಫಲ್ ವಿಷಯ ಫೋನಿನಲ್ಲಿ ಹೇಳಿದಾಗಿನಿಂದ ಅದೇ ತಲೆಯಲ್ಲಿ ಓಡುತ್ತಿದೆ. "ಕಟ್ಟಿಸುವುದೇ ಆದರೆ .338 ಲಪುವಾ ಮ್ಯಾಗ್ನಮ್ಮೇ ಆಗಲಿ ಅವ್ವಾ" ಅಂದೆ. ಬೇಡ ಮಗಳೇ. ಅದು ಒಳ್ಳೆಯ ತೋಟಾ ಅಲ್ಲವೆಂದು ಹೇಳುತ್ತಿಲ್ಲ. ಸೈನಿಕರಿಗೆಂದು, ಬಹುದೂರದ ಹೊಡೆತಕ್ಕೆಂದೇ ಮಾಡಿದ್ದು ಅದು. ಒಂದೊಂದು ತೋಟಾದಲ್ಲಿ ಸುಮಾರು 90 ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ಮದ್ದು, ಅದರ ತುದಿಗೆ 250ರಿಂದ 300 ಗ್ರೇನ್ ತೂಕದ ಗುಂಡು. ನೀನು ಹೊಡೆಯಬೇಕೆಂದಿರುವುದು ಕಬ್ಬಿಣದ ತಟ್ಟೆಗೆ, ಕಾಗದದ ಗುರಿಗೆ, ಸಾವಿರದಿಂದ ಸಾವಿರದೈನೂರು ಗಜ ದೂರದಲ್ಲಿ. ಸ್ಪರ್ಧೆಗೆ ಹೋಗುವ ಆಸೆಯೂ ಉಂಟಲ್ಲ? ದೂರದ ಗುರಿಯ ಸ್ಪರ್ಧೆ ಎಫ್-ಕ್ಲಾಸ್ ಓಪನ್‌ನ ಅಂತರರಾಷ್ಟ್ರೀಯ ನಿಯಮದಲ್ಲಿ 8 ಮಿ.ಮೀ. ಅಗಲ ದಾಟಿದ ಗುಂಡಿಗೆ ಜಾಗವಿಲ್ಲ, ನಿನ್ನ .338 ಇಂಚು ಅಂದರೆ 8.6 ಮಿ.ಮೀ. ಪ್ರಿಸಿಷನ್ ರೈಫಲ್ ಸೀರೀಸ್ ಎಂಬ ಇನ್ನೊಂದು ಸ್ಪರ್ಧೆಯಲ್ಲಿ .30 ಅಳತೆ ದಾಟುವ ಹಾಗಿಲ್ಲ. ಇಷ್ಟು ಹಣ ಸುರಿದು ಕಟ್ಟಿಸಿದ ಕೋವಿಯನ್ನು ಗೇಟಿನ ಹೊರಗೇ ಇಟ್ಟು ಒಳಗೆ ಹೋಗುತ್ತೀಯಾ?

ಇದಕ್ಕಿಂತ ದೊಡ್ಡ ಕಾರಣ ನಿನ್ನ ಹೆಗಲು. ನಿನಗೆ ಹನ್ನೆರಡು ವರ್ಷ, ನಮ್ಮ ಕುಲದ ಹಿರಿಮನೆ ಐನ್‌ಮನೆಯ ಗದ್ದೆಯಲ್ಲಿ ತೆಂಗಿನಕಾಯಿಗೆ ಹೊಡೆಯುವ ಪಂದ್ಯ. ಹುಡುಗರಿಗೆ ಕೊಟ್ಟ ಹನ್ನೆರಡು ಬೋರಿನ ಕೋವಿಯನ್ನೇ ನಿನಗೂ ಕೊಟ್ಟರು. ನಾನು ಅಲ್ಲೇ ನಿಂತಿದ್ದೆ, ಬೇಡ ಅನ್ನಲಿಲ್ಲ. ಆ ತಪ್ಪು ನನ್ನದು. ನಾಲ್ಕು ದಿನ ನಿನ್ನ ಹೆಗಲು ನೇರಳೆ ಹಣ್ಣಿನ ಬಣ್ಣದಲ್ಲಿತ್ತು. ಬಣ್ಣ ಹೋಯಿತು, ಆದರೆ ಆಮೇಲೆ ಎರಡು ವರ್ಷ ನೀನು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಿದ್ದೆ. ಏರ್ ರೈಫಲ್ ಕೊಟ್ಟರೂ ಮುಚ್ಚುತ್ತಿದ್ದೆ. ಅದನ್ನು ಬಿಡಿಸಲು ನಿನ್ನ ಅಪ್ಪ ಎಷ್ಟು ಸಂಜೆ ನಿನಗೆ ಗೊತ್ತಾಗದಂತೆ ಖಾಲಿ ತೋಟಾ ಹಾಕಿ ಕೊಟ್ಟರೆಂದು ನನಗೆ ಗೊತ್ತು. ಒದೆಯುವ ಕೋವಿಯಿಂದ ದಿನಕ್ಕೆ ಹತ್ತು ಗುಂಡು ಹೊಡೆದು ಸಾಕೆನಿಸಿದರೆ, ನಲವತ್ತು ಹೊಡೆದು ಕಲಿಯುವವರು ನಿನ್ನನ್ನು ದಾಟಿಹೋಗುತ್ತಾರೆ.

ಉಳಿದದ್ದು .30 ಮತ್ತು 7 ಮಿ.ಮೀ. .300 ವಿನ್‌ಚೆಸ್ಟರ್ ಮ್ಯಾಗ್ನಮ್ 1963ರದು, ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ನನಗೆ ಅದರ ಮೇಲೆ ಗೌರವ ಉಂಟು. ಆದರೆ ಅದರ ಬುಡದಲ್ಲಿ ಒಂದು ಪಟ್ಟಿ ಇರುತ್ತದಲ್ಲ, ಅದು 1912ರ .375 ಹಾಲೆಂಡ್ ಆ್ಯಂಡ್ ಹಾಲೆಂಡ್‌ನಿಂದ ಬಂದ ಬಳುವಳಿ. ಆ ಹಳೆಯ .375ರ ಭುಜ, ಅಂದರೆ ಕುತ್ತಿಗೆಯ ಕೆಳಗೆ ಅಗಲವಾಗುವ ಭಾಗ, ತೀರಾ ಇಳಿಜಾರು; ನಳಿಗೆಯ ಬುಡದಲ್ಲಿ ತೋಟಾ ಕೂರುವ ಚೇಂಬರಿನಲ್ಲಿ ಕೇಸು (ತೋಟಾದ ಹಿತ್ತಾಳೆ ಕೊಳವೆ) ತಡೆದು ನಿಲ್ಲಲು ಪಟ್ಟಿ ಬೇಕಿತ್ತು. ಈಗಿನ ಕೇಸುಗಳು ಭುಜದ ಮೇಲೇ ಸರಿಯಾಗಿ ಕೂರುತ್ತವೆ. .300 ವಿನ್‌ಚೆಸ್ಟರ್‌ನ ಕುತ್ತಿಗೆಯೂ ಗಿಡ್ಡ, 0.264 ಇಂಚು, ಗುಂಡಿನ ಅಗಲಕ್ಕಿಂತ ಕಡಿಮೆ. ಈಗಿನ ಉದ್ದುದ್ದ ಗುಂಡನ್ನು 3.34 ಇಂಚಿನೊಳಗೆ ಕೂರಿಸಹೋದರೆ ಅದರ ಹಿಂಭಾಗ ಮದ್ದಿನ ಜಾಗಕ್ಕೆ ಇಳಿಯುತ್ತದೆ. 2018ರಲ್ಲಿ ಬಂದ .300 ಪಿಆರ್‌ಸಿಯಲ್ಲಿ ಈ ತೊಂದರೆಯೇ ಇಲ್ಲ. ಪಟ್ಟಿ ತೆಗೆದು, ತೋಟಾದ ಒಟ್ಟು ಉದ್ದ 3.7 ಇಂಚಿನವರೆಗೆ ಬಿಟ್ಟು, ಉದ್ದ ಗುಂಡಿಗೆಂದೇ ಮಾಡಿದ್ದು.

ಹಾಗಿದ್ದರೂ ನಾನು ನಿನಗೆ ಹೇಳುವುದು 7 ಪಿಆರ್‌ಸಿ. ಹಾರ್ನಡಿಯವರು 2022ರಲ್ಲಿ ತಂದದ್ದು. ನಳಿಗೆಯೊಳಗಿನ ಗೀರುಗಳ ತಿರುವು ಎಂಟು ಇಂಚಿಗೆ ಒಂದು ಸುತ್ತು ಇರಲಿ, 180 ಗ್ರೇನಿನ ತೆಳ್ಳಗಿನ ಉದ್ದ ಗುಂಡು ಅದರಲ್ಲಿ ಚೆನ್ನಾಗಿ ನಿಲ್ಲುತ್ತದೆ. ಬೋಜ್‌ಮನ್ ಸುಮಾರು 1460 ಮೀಟರ್ ಎತ್ತರದಲ್ಲಿದೆ, ನಮ್ಮ ಮಡಿಕೇರಿಗಿಂತ ಮುನ್ನೂರು ಮೀಟರ್ ಮೇಲೆ. ಗಾಳಿ ತೆಳು. ಸಾವಿರದೈನೂರು ಗಜ ದಾಟುವಾಗಲೂ ಗುಂಡು ಶಬ್ದದ ವೇಗಕ್ಕಿಂತ ಕೆಳಗೆ ಬಿದ್ದು ತಡವರಿಸುವುದಿಲ್ಲ. .300 ಪಿಆರ್‌ಸಿಗಿಂತ ಕಡಿಮೆ ಮದ್ದು, ಕಡಿಮೆ ಒದೆತ. ಹೊಡೆದ ಮೇಲೂ ದುರ್ಬೀನಿನಲ್ಲಿ ಗುರಿ ತಪ್ಪದೆ, ಗುಂಡು ಎಲ್ಲಿ ಬಿತ್ತೆಂದು ನೀನೇ ನೋಡಬಹುದು. ಪಕ್ಕದಲ್ಲಿ ಹೇಳುವವರು ಇಲ್ಲದೆ ಒಬ್ಬಳೇ ಹೊಡೆಯುವವಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಆ್ಯಕ್ಷನ್, ಅಂದರೆ ಬೋಲ್ಟ್ ಓಡುವ ಭಾಗ, ಅದನ್ನು ಮಾತ್ರ ಯೋಚಿಸಿ ತೆಗೆದುಕೋ. 7 ಪಿಆರ್‌ಸಿ, .300 ಪಿಆರ್‌ಸಿ, .300 ವಿನ್‌ಚೆಸ್ಟರ್, ಮೂರರದ್ದೂ ಬುಡ ಒಂದೇ ಅಳತೆ, 0.532 ಇಂಚು. ಒಂದೇ ಬೋಲ್ಟ್ ಸಾಕು. ಮ್ಯಾಗಜೀನ್ 3.7 ಇಂಚಿಗಿಂತ ಸ್ವಲ್ಪ ಉದ್ದವೇ ಇರಲಿ. ಇಂಥ ತೋಟಾದಲ್ಲಿ ಸಾವಿರ, ಸಾವಿರದೈನೂರು ಹೊಡೆತಕ್ಕೆಲ್ಲ ನಳಿಗೆಯ ಗಂಟಲು, ಅಂದರೆ ಚೇಂಬರಿನ ಮುಂದಿನ ಭಾಗ, ಸವೆದುಹೋಗುತ್ತದೆ. ಬ್ಯಾರಲ್ ಅಂದರೆ ಟೈರ್ ಇದ್ದ ಹಾಗೆ, ಬದಲಾಯಿಸಲೇಬೇಕು. ಆಗ ಮನಸ್ಸು ಬದಲಾದರೆ .30ಕ್ಕೆ ಹೋಗು.

ಇನ್ನೊಂದು ಮಾತು. ನಿನ್ನ ಮುತ್ತಜ್ಜನ ಇಂಗ್ಲಿಷ್ ರೈಫಲ್ ಕೆಳಗಿನ ಖಾನೆಯಲ್ಲಿ ಮಲಗಿದೆ. ನಳಿಗೆ ಇನ್ನೂ ಕನ್ನಡಿಯ ಹಾಗೆ ಹೊಳೆಯುತ್ತದೆ, ಆದರೆ ಅದರ ತೋಟಾ ಮಾಡುವುದನ್ನೇ ನಿಲ್ಲಿಸಿ ಎಷ್ಟೋ ಕಾಲವಾಯಿತು. ಹೊಗೆಸೊಪ್ಪಿನ ಡಬ್ಬಿಯಲ್ಲಿ ಐದು ಉಳಿದಿವೆ, ಹಿತ್ತಾಳೆಯ ಮೇಲೆ ಕಿಲುಬು ಬಂದಿದೆ. ಅವನ್ನು ಕೈಗೆ ತೆಗೆದುಕೊಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದಕ್ಕೇ ಹೇಳುತ್ತೇನೆ, ಬ್ಯಾರಲ್‌ಗೆ ಮುಂಗಡ ಕೊಡುವ ಮೊದಲು ಒಂದೇ ಲಾಟಿನ ಕೇಸು ಇನ್ನೂರು ತಂದು ಮನೆಯಲ್ಲಿಟ್ಟುಕೋ. ಅದರಲ್ಲಿ ಮೂರು ಕೇಸನ್ನು ರೈಫಲ್ ಕಟ್ಟುವವರ ಕೈಗೆ ಕೊಡು. ಆ ಅಳತೆ ನೋಡಿ ರೀಮರ್ ಎಂಬ ಕೊರೆಯುವ ಸಾಧನ ಆರಿಸಿ ಚೇಂಬರ್ ಕೊರೆಯಲಿ.

ಒದೆತ ಇಳಿಸಲು ಮೂತಿಗೆ ಬ್ರೇಕ್ ಹಾಕಿಸುತ್ತೀಯ, ಹಾಕಿಸು. ಆದರೆ ಅದರ ಸದ್ದು ಪಕ್ಕಕ್ಕೂ ಹಿಂದಕ್ಕೂ ಬಡಿಯುತ್ತದೆ. ಕಿವಿಯೊಳಗೆ ಪ್ಲಗ್, ಅದರ ಮೇಲೆ ಮಫ್, ಎರಡೂ ಇಲ್ಲದೆ ಒಂದು ಗುಂಡನ್ನೂ ಹೊಡೆಯಬೇಡ. ನಾನು ಎನ್‌ಸಿಸಿಯಲ್ಲಿ ಹೊಡೆಯುತ್ತಿದ್ದಾಗ ಹತ್ತಿ ಕೂಡ ಇಟ್ಟುಕೊಳ್ಳುತ್ತಿರಲಿಲ್ಲ. ಈಗ ಹೊರಗೆ ಮಳೆ ನಿಂತಿದೆ, ಕಾಫಿ ತೋಟದಲ್ಲಿ ಜೀರುಂಡೆಗಳು ಶುರುವಾಗಿವೆ. ನನಗೆ ಬಲಗಿವಿಯಲ್ಲಿ ಮಾತ್ರ ಕೇಳುತ್ತದೆ.

ಕೇಸು ಮನೆಗೆ ಬಂದ ದಿನ ಫೋನ್ ಮಾಡು. ಬಲಗಿವಿಗೆ ಹಿಡಿದುಕೊಂಡಿರುತ್ತೇನೆ.

ನಿನ್ನ
ಅವ್ವ