ಏರ್ ಆಂಬ್ಯುಲೆನ್ಸಿನ ಆ ಡಾಕ್ಟರಮ್ಮನಿಗೆ

2020ರ ಏಪ್ರಿಲ್. ಲಾಕ್‌ಡೌನ್‌ನಿಂದಾಗಿ ಇಂಗ್ಲೆಂಡಿನ ನಮ್ಮ ಮನೆಯಲ್ಲೇ ಉಳಿದಿದ್ದ ಅಪ್ಪ ಅಡುಗೆಮನೆಯಲ್ಲಿ ಕುಸಿದುಬಿದ್ದರು. ಉಸಿರಿಲ್ಲ. ಅಲ್ಲಿನ ತುರ್ತು ಸೇವೆಯ ನಂಬರ್ 999ಕ್ಕೆ ಫೋನ್ ಮಾಡಿದೆ. ಅಪ್ಪನ ಬಾಯಿಗೆ ಬಟ್ಟೆ ಮುಚ್ಚಿ, ಉಸಿರು ಊದಬೇಡಿ, ಎದೆ ಒತ್ತುತ್ತಾ ಇರಿ ಅಂದರು. ಒತ್ತಿದೆ.

ಜನರ ದೇಣಿಗೆಯಿಂದ ನಡೆಯುವ ಏರ್ ಆಂಬ್ಯುಲೆನ್ಸ್ ಹೆಲಿಕಾಪ್ಟರ್ ಪಕ್ಕದ ಮೈದಾನದಲ್ಲಿ ಇಳಿಯಿತು. ಡಾಕ್ಟರಮ್ಮ ಮೈತುಂಬ ಪಿಪಿಇ ತೊಟ್ಟಿದ್ದರು, ಕಣ್ಣು ಮಾತ್ರ ಕಾಣುತ್ತಿತ್ತು. ಶಾಕ್ ಕೊಟ್ಟು ಅಪ್ಪನ ನಾಡಿ ಮರಳಿದ ಮೇಲೆ ಅಮ್ಮನ ಪಕ್ಕ ಮಂಡಿಯೂರಿದರು. ಆಸ್ಪತ್ರೆಗೆ ಯಾರೂ ಬರುವ ಹಾಗಿಲ್ಲ ಅಂತ ಮೆಲ್ಲಗೆ ಹೇಳಿದರು. ಆಮೇಲೆ ಅಪ್ಪನ ಕನ್ನಡಕ, ಫೋನು, ಚಾರ್ಜರ್ ಕೇಳಿ ಇಸ್ಕೊಂಡು ಚೀಲಕ್ಕೆ ಹಾಕಿದರು. ನಮಗೆ ಅದು ಹೊಳೆದೇ ಇರಲಿಲ್ಲ. ಐಸಿಯುನಿಂದ ಅಪ್ಪ ಅಮ್ಮನ ಜೊತೆ ಮಾತಾಡಿದ್ದು ಅದೇ ಫೋನಿನಲ್ಲಿ. ಆ ದನಿ ಕೇಳಿದ ಮೇಲೇ ನಮಗೆ ಜೀವ ಬಂತು.

ಏಪ್ರನ್ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದುಕೊಂಡಿದ್ದಿರಿ. ಆ ಗಾಬರಿಯಲ್ಲಿ ಓದಲಾಗಲಿಲ್ಲ. ಅಪ್ಪ ಈಗ ಶಿವಮೊಗ್ಗದಲ್ಲಿ ಹುಷಾರಾಗಿದ್ದಾರೆ. ನಿಮಗೆ ನಮ್ಮೆಲ್ಲರ ಧನ್ಯವಾದ, ತಾಯಿ.