ಹಿರಿಯರಿಂದ ಬಂದ ತಾಮ್ರದ ನಾಣ್ಯ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಹಿರಿಯರಿಂದ ಬಂದ ತಾಮ್ರದ ನಾಣ್ಯದ ಬೆಲೆ ತಿಳಿಯಬಯಸುವವರು ಅದನ್ನು ತೊಳೆಯದೆ, ಉಜ್ಜದೆ, ಹುಳಿ ಹಚ್ಚದೆ ಇದ್ದಂತೆಯೇ ಇಡಬೇಕೆಂದು ಕಳಕಳಿಯಿಂದ ಕೋರುತ್ತೇನೆ. ದಶಕಗಳಲ್ಲಿ ಮೂಡಿದ ಕಂದು ಪದರ ಒಮ್ಮೆ ಹೋದರೆ ಮರಳಿ ಬಾರದು, ಉಜ್ಜಿ ಹೊಳಪು ತಂದ ನಾಣ್ಯಕ್ಕೆ ಸಂಗ್ರಾಹಕರು ಕಡಿಮೆ ಬೆಲೆಯನ್ನೇ ಕೊಡುತ್ತಾರೆ.

ಗುರುತಿಸಲು ಎರಡೂ ಮುಖಗಳ ಮತ್ತು ಅಂಚಿನ ಸ್ಪಷ್ಟ ಚಿತ್ರಗಳನ್ನು, ಮಿಲಿಮೀಟರಿನಲ್ಲಿ ವ್ಯಾಸವನ್ನು, ಗ್ರಾಂನ ನೂರನೇ ಒಂದು ಭಾಗದವರೆಗೆ ನಿಖರವಾದ ತೂಕವನ್ನು ಕಳುಹಿಸಿ. ಅಯಸ್ಕಾಂತಕ್ಕೆ ಅಂಟಿದರೆ ಅದು ಅಪ್ಪಟ ತಾಮ್ರವಲ್ಲ.

ದರ್ಜೆ, ಅಂದರೆ ನಾಣ್ಯ ಎಷ್ಟು ಸವೆಯದೆ ಉಳಿದಿದೆ ಎಂಬುದನ್ನು ನಿರ್ಧರಿಸಲು, 1949ರಲ್ಲಿ ಅಮೆರಿಕದ ನಾಣ್ಯತಜ್ಞ ವಿಲಿಯಂ ಶೆಲ್ಡನ್ ಅವರು ಅಮೆರಿಕದ ದೊಡ್ಡ ತಾಮ್ರದ ಸೆಂಟ್‌ಗಳಿಗಾಗಿ ರೂಪಿಸಿದ 1ರಿಂದ 70ರವರೆಗಿನ ಮಾಪನವೇ ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ; ಮೊದಲು ಸವೆಯುವುದು ನಾಣ್ಯದ ಮೇಲೆ ಅಚ್ಚಾದ ಚಿತ್ರದ ಅತಿ ಉಬ್ಬಿದ ಭಾಗವಾದ್ದರಿಂದ ಅಲ್ಲಿಯೇ ಗಮನವಿಟ್ಟು ನೋಡಿ. ಬೆಲೆಗೆ ಮಾರಾಟಗಾರರು ಕೇಳುವ ಮೊತ್ತವನ್ನಲ್ಲ, ಅದೇ ದರ್ಜೆಯ ನಾಣ್ಯಕ್ಕೆ ಹರಾಜಿನಲ್ಲಿ ನಿಜವಾಗಿ ಸಂದ ಮೊತ್ತವನ್ನು ಆಧಾರವಾಗಿಟ್ಟುಕೊಳ್ಳಿ.